ದಾನಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಯಾವುದು?

ಶ್ರೀನಿವಾಸಪುರದ ರೈತನು ಮಾವಿನ ಹಣ್ಣನ್ನು ಗಾತ್ರವೊಂದರಿಂದಲೇ ಅಳೆಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು ಪ್ರಾಂತದ ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವೀಯುವ ಮಹನೀಯರೂ ಗ್ರಾಫಿಕ್ಸ್ ಕಾರ್ಡನ್ನು ಆರಿಸುವಾಗ ಇದೇ ವಿವೇಕವನ್ನು ತೋರುವುದು ಒಳಿತು.

ಎನ್‌ವಿಡಿಯಾ ಸಂಸ್ಥೆಯ ಎರಡು ಕಾರ್ಡುಗಳನ್ನು ಹೋಲಿಸಬಹುದು. 2019ರಲ್ಲಿ ಬಂದ ಜಿಟಿಎಕ್ಸ್ 1650ರಲ್ಲಿ 896 ಕೋರ್‌ಗಳೂ 4 ಜಿಬಿ ಸ್ಮರಣೆಯೂ ಇವೆ. 2022ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರಲ್ಲಿ 2,560 ಕೋರ್‌ಗಳೂ 8 ಜಿಬಿ ಸ್ಮರಣೆಯೂ ಇವೆ. ಮೂರು ಆಯಾಮದ ಚಿತ್ರರಚನೆಯಲ್ಲಿಯೂ ಕೃತಕ ಬುದ್ಧಿಮತ್ತೆಯ ಪ್ರಯೋಗಗಳಲ್ಲಿಯೂ ಎರಡನೆಯದೇ ಮೇಲು. ಆದರೆ ಅದು ಬೇಡುವ ವಿದ್ಯುತ್ತು 130 ವ್ಯಾಟ್. ಮೊದಲನೆಯದಕ್ಕೆ 75 ವ್ಯಾಟ್ ಸಾಕು. ಹಳೆಯ ಯಂತ್ರದ ಪವರ್ ಸಪ್ಲೈ ಚಿಕ್ಕದಿದ್ದರೆ ದೊಡ್ಡ ಕಾರ್ಡಿನೊಡನೆ ಅದನ್ನೂ ಬದಲಿಸಬೇಕಾದೀತು.

ಕನ್ನಡ ಬೆರಳಚ್ಚು, ಲೆಕ್ಕಪತ್ರ, ಪಾಠದ ವಿಡಿಯೋಗಳಿಗಾದರೋ ಇವೆರಡೂ ಬೇಕಿಲ್ಲ. ಪ್ರೊಸೆಸರಿನಲ್ಲಿಯೇ ಅಡಕವಾಗಿರುವ ಗ್ರಾಫಿಕ್ಸ್ ಸಾಕು. ಆದುದರಿಂದ ಪ್ರತಿ ಗಣಕಕ್ಕೂ ಒಂದೊಂದು ಸಾಧಾರಣ ಕಾರ್ಡನ್ನು ಹಂಚುವುದಕ್ಕಿಂತ, ಆಸಕ್ತ ಹಿರಿಯ ವಿದ್ಯಾರ್ಥಿಗಳಿಗಾಗಿ ಒಂದೇ ಯಂತ್ರದಲ್ಲಿ ಶಕ್ತವಾದ ಕಾರ್ಡನ್ನಿರಿಸಿ, ಉಳಿದ ಹಣದಿಂದ ಇನ್ನಷ್ಟು ಗಣಕಗಳನ್ನು ಕೊಳ್ಳುವುದು ಲೇಸು. ಸರದಿಗಾಗಿ ಕಾದು ನಿಂತ ಮಗುವಿಗೆ ಆಗ ಕುಳಿತು ಕಲಿಯಲು ಸ್ಥಳ ದೊರೆಯುತ್ತದೆ. ದಾನಿಗಳು ಅಂಗಡಿಗೆ ಹೋಗುವ ಮುನ್ನ ಪಾಠ ಹೇಳುವ ಅಧ್ಯಾಪಕರನ್ನೊಮ್ಮೆ ಕೇಳಲಿ.