ಯೂರಿಯಾ ಅಭಾವ ಮತ್ತು ಕಾಲದ ಬೇಲಿ: ಪೂರೈಕೆ ಯೋಜನೆಯನ್ನು ರೈತರು ಏಕೆ ಅರಿಯಬೇಕು?



2025ರ ಜುಲೈನಲ್ಲಿ ರಾಜ್ಯದ ಹಲವೆಡೆ ಯೂರಿಯಾಕ್ಕಾಗಿ ಸಹಕಾರ ಸಂಘಗಳ ಮುಂದೆ ನಸುಕಿನಲ್ಲೇ ಸಾಲು ನಿಂತದ್ದನ್ನು ತಾವು ಮರೆತಿರಲಾರಿರಿ. ಅಭಾವಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದನ್ನು, ಅಂದರೆ ಪೂರೈಕೆ ಯೋಜನೆಯಲ್ಲಿ ಅಡಗಿರುವ ಕಾಲದ ಲೆಕ್ಕವನ್ನು, ಇಲ್ಲಿ ವಿವರಿಸಲು ಬಯಸುತ್ತೇನೆ.

ಪೂರೈಕೆಯ ಅವಧಿ

ಪ್ರತಿ ಹಂಗಾಮಿಗೂ ಮುನ್ನ ಕೇಂದ್ರ ಕೃಷಿ ಇಲಾಖೆಯು ರಾಜ್ಯಗಳೊಡನೆ ಚರ್ಚಿಸಿ ರಸಗೊಬ್ಬರದ ಬೇಡಿಕೆಯನ್ನು ಅಂದಾಜಿಸುತ್ತದೆ. ಅದನ್ನು ಆಧರಿಸಿ ಕೇಂದ್ರ ರಸಗೊಬ್ಬರ ಇಲಾಖೆಯು ತಿಂಗಳವಾರು ಪೂರೈಕೆ ಯೋಜನೆಯನ್ನು ರೂಪಿಸುತ್ತದೆ. ಉತ್ಪಾದನೆ, ಆಮದು ಮತ್ತು ಸಾಗಣೆಯ ದಿನಗಳನ್ನು ಹೊಂದಿಸಲು ದೊಡ್ಡ ಉದ್ದಿಮೆಗಳು ಯೋಜನಾ ತಂತ್ರಾಂಶಗಳನ್ನು ಬಳಸುತ್ತವೆ. ಸರಕು ಬೇಕೆಂದು ನಿರ್ಧರಿಸಿದ ದಿನದಿಂದ ಅದು ಕೈಸೇರುವ ದಿನದವರೆಗಿನ ಅವಧಿಯನ್ನು ಅಲ್ಲಿ 'ಲೀಡ್ ಟೈಮ್' ಎನ್ನುತ್ತಾರೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಟೆಂಡರ್ ಮತ್ತು ಹಡಗಿಗೆ ಭರ್ತಿಗೆ 20 ದಿನ, ಸಮುದ್ರಯಾನಕ್ಕೆ 12, ಬಂದರಿನಲ್ಲಿ ಇಳಿಸಿ ಚೀಲ ತುಂಬಲು 5, ರೈಲು ಸಾಗಣೆಗೆ 5, ಗೋದಾಮಿನಿಂದ ಅಂಗಡಿಗೆ 3 ಎಂದಿಟ್ಟುಕೊಂಡರೆ ಒಟ್ಟು 45 ದಿನ. ಜುಲೈ 5ರಂದು ಅಂಗಡಿಯಲ್ಲಿರಬೇಕಾದ ಯೂರಿಯಾಕ್ಕೆ ಮೇ 21ರಂದೇ ನಿರ್ಧಾರವಾಗಬೇಕು.

ಈ ದಿನಗಳೆಲ್ಲ ಮನುಷ್ಯರು ತುಂಬಿದ ಅಂಕಿಗಳು ಎಂಬುದನ್ನು ಗಮನಿಸಬೇಕು. ಪರಿಸ್ಥಿತಿ ಬದಲಾದರೂ ಅಂಕಿ ಬದಲಾಗದಿದ್ದರೆ ಯೋಜನೆ ಹುಸಿಯಾಗುತ್ತದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ನಡೆದಾಗ, ಮೊರಾಕ್ಕೊ ದೇಶದ ಡಿ.ಎ.ಪಿ.ಯಂತಹ ಸರಕು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಬರಬೇಕಾದ ಸ್ಥಿತಿ ಒದಗಿತು. ತಂತ್ರಾಂಶದಲ್ಲಿ ಹಳೆಯ ದಿನಗಳೇ ಉಳಿದಿದ್ದರೆ, ಪರದೆಯ ಮೇಲೆ ದಾಸ್ತಾನು ಸಕಾಲಕ್ಕೆ ಬರುವಂತೆ ಕಾಣುತ್ತದೆ. ಗೋದಾಮು ಮಾತ್ರ ಖಾಲಿಯಿರುತ್ತದೆ.

ಇಂತಹ ಅನಿಶ್ಚಿತತೆಗಾಗಿ 'ಸುರಕ್ಷತಾ ದಿನ'ಗಳನ್ನು ಸೇರಿಸುವ ಅವಕಾಶವಿದೆ. ಐದು ದಿನ ಸೇರಿಸಿದರೆ ಸರಕು ಐದು ದಿನ ಮೊದಲೇ ತಲುಪುವಂತೆ ಯೋಜನೆ ಸಿದ್ಧವಾಗುತ್ತದೆ. ಅತಿಯಾಗಿ ಸೇರಿಸಿದರೆ ಬಂಡವಾಳ ಗೋದಾಮಿನಲ್ಲಿ ಕೊಳೆಯುತ್ತದೆ, ತೇವ ಹೀರಿದ ಯೂರಿಯಾ ಗಟ್ಟಿಯಾಗುತ್ತದೆ. 'ವಿಳಂಬ ಸಹನೆ' ಎಂಬ ಇನ್ನೊಂದು ಅಂಕಿಯೂ ಉಂಟು. ಅದನ್ನು 7 ದಿನಕ್ಕೆ ನಿಗದಿಪಡಿಸಿದ್ದರೆ, 6 ದಿನ ತಡವಾಗುವ ರೇಕಿನ ಬಗ್ಗೆ ತಂತ್ರಾಂಶ ಎಚ್ಚರಿಕೆಯನ್ನೇ ನೀಡುವುದಿಲ್ಲ. ಉದ್ದಿಮೆಗೆ 6 ದಿನ ಸಣ್ಣ ವಿಷಯವಿರಬಹುದು. ಹಸಿ ಇರುವಾಗಲೇ ಮೇಲುಗೊಬ್ಬರ ಕೊಡಬೇಕಾದ ಮಳೆಯಾಶ್ರಿತ ರೈತನಿಗೆ ಹಾಗಲ್ಲ.

ಕಾಲದ ಬೇಲಿ

ಯೋಜನೆ ದಿನಕ್ಕೊಮ್ಮೆ ಬದಲಾದರೆ ಕಾರ್ಖಾನೆಯೂ ನಡೆಯದು, ರೈಲೂ ಹೊರಡದು. ಆದ್ದರಿಂದ ಇಂದಿನಿಂದ ಇಂತಿಷ್ಟು ದಿನಗಳೊಳಗಿನ ಯೋಜನೆಯನ್ನು ತಂತ್ರಾಂಶವು ತಾನಾಗಿ ಬದಲಿಸದಂತೆ ಗಡಿ ಹಾಕುತ್ತಾರೆ. ಇದೇ 'ಟೈಮ್ ಫೆನ್ಸ್', ಅಂದರೆ ಕಾಲದ ಬೇಲಿ. ಬೇಲಿಯ ಆಚೆಗೆ ಹೊಸ ಬೇಡಿಕೆ ಬಂದರೆ ತಂತ್ರಾಂಶ ಯೋಜನೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ಬೇಲಿಯ ಒಳಗೆ ಬಂದರೆ ಯಾರಾದರೂ ಅಧಿಕಾರಿ ಕೈಯಾರೆ ತಿದ್ದಬೇಕು. ಸಾಮಾನ್ಯವಾಗಿ ಅದು ಬೇರೊಂದು ಜಿಲ್ಲೆಯ ಪಾಲನ್ನು ಇತ್ತ ತಿರುಗಿಸಿದಂತೆ.

ಈ ದೃಷ್ಟಿಯಿಂದ 2025ರ ದಿನಾಂಕಗಳನ್ನು ನೋಡಿ. ಮುಂಗಾರು ಮೇ 27ರ ವೇಳೆಗೆ ಕೇರಳ ಪ್ರವೇಶಿಸಬಹುದೆಂದು ಭಾರತ ಹವಾಮಾನ ಇಲಾಖೆ ಮೇ 10ರಂದು ತಿಳಿಸಿತು. ವಾಡಿಕೆಯ ದಿನ ಜೂನ್ 1. ಮುಂಗಾರು ಬಂದದ್ದು ಮೇ 24ರಂದೇ. ಬೇಗ ಬಿತ್ತಿದ ಮುಸುಕಿನ ಜೋಳಕ್ಕೆ 30-35 ದಿನಗಳಲ್ಲಿ, ಅಂದರೆ ಜುಲೈ ಮೊದಲ ವಾರದ ಹೊತ್ತಿಗೆ, ಮೇಲುಗೊಬ್ಬರ ಬೇಕು. ನಮ್ಮ ಕಲ್ಪಿತ ಲೆಕ್ಕದಲ್ಲಿ ಬೇಲಿ 45 ದಿನಗಳದ್ದು. ಮೇ 10ರ ಮುನ್ಸೂಚನೆ ಬೇಲಿಯ ಆಚೆಗಿದೆ, ಅದಕ್ಕೆ ಯೋಜನೆ ಸ್ಪಂದಿಸಬಲ್ಲದು. ಜೂನ್ ಆರಂಭದ ಬಿತ್ತನೆ ವರದಿ ಬೇಲಿಯೊಳಗೆ ಬಿದ್ದಿದೆ. ಜುಲೈನ ಸಾಲಂತೂ ತೀರ ತಡ. ಅಂಗಡಿಯ ಮುಂದೆ ಕಾಣುವ ಅಭಾವವು ವಾರಗಳ ಹಿಂದೆಯೇ ನಿರ್ಧಾರವಾಗಿರುತ್ತದೆ ಎಂಬುದೇ ಇದರ ತಾತ್ಪರ್ಯ.

ಬೆಳೆಗೂ ತನ್ನದೇ ಆದ ಬೇಲಿಯಿದೆ. ಸೂಲಂಗಿ ಮೂಡುವ ಮುನ್ನ ದೊರೆಯಬೇಕಾದ ಸಾರಜನಕ ಆ ಹಂತ ದಾಟಿದ ಮೇಲೆ ದೊರೆತರೆ ಪೂರ್ಣ ಫಲ ಸಿಗದು. ಆ ಬೇಲಿಯನ್ನು ಸರಿಸುವ ಅಧಿಕಾರ ಯಾರಿಗೂ ಇಲ್ಲ.

ನಾವು ಮಾಡಬಹುದಾದದ್ದು

1. ಬೀಜ ಕೊಳ್ಳುವ ದಿನವೇ ಬೆಳೆ, ವಿಸ್ತೀರ್ಣ ಮತ್ತು ಗೊಬ್ಬರದ ಅಗತ್ಯವನ್ನು ತಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ಯೂರಿಯಾದ ಬೇಡಿಕೆಗೆ ಬೀಜದ ಮಾರಾಟಕ್ಕಿಂತ ನಂಬಲರ್ಹ ಮುನ್ಸೂಚನೆ ಇಲ್ಲ. ಸಂಘಗಳೂ ಈ ಲೆಕ್ಕವನ್ನು ವಾರಕ್ಕೊಮ್ಮೆ ಮೇಲಕ್ಕೆ ಕಳುಹಿಸುವುದು ಒಳಿತು.

2. ಅಗತ್ಯವನ್ನು ಲೆಕ್ಕ ಹಾಕಿ ಕೊಳ್ಳಿರಿ. ಮಳೆಯಾಶ್ರಿತ ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕವೆಂದರೆ ಎಕರೆಗೆ 40 ಕೆ.ಜಿ. ಬಿತ್ತುವಾಗ 50 ಕೆ.ಜಿ.ಯ ಒಂದು ಚೀಲ ಡಿ.ಎ.ಪಿ. ಹಾಕಿದ್ದರೆ 9 ಕೆ.ಜಿ. ದೊರೆತಿರುತ್ತದೆ. ಉಳಿದ 31 ಕೆ.ಜಿ.ಗೆ 45 ಕೆ.ಜಿ.ಯ ಒಂದೂವರೆ ಚೀಲ ಯೂರಿಯಾ ಸಾಕು.

3. ಭಯದಿಂದ ಹೆಚ್ಚು ಕೊಳ್ಳಬೇಡಿರಿ. ಬರೀ ಮಾರಾಟದ ಅಂಕಿಯನ್ನೇ ಬೇಡಿಕೆಯೆಂದು ಎಣಿಸುವ ವ್ಯವಸ್ಥೆಯಲ್ಲಿ, ಅಗತ್ಯಕ್ಕೆ ಮೀರಿ ಕೊಂಡ ಊರಿನ ಬೇಡಿಕೆ ಹಿಗ್ಗಿ ಕಾಣುತ್ತದೆ. ದಾಸ್ತಾನೇ ಇಲ್ಲದ ಊರಿನಲ್ಲಿ ಮಾರಾಟ ಶೂನ್ಯವಾಗಿ ಬೇಡಿಕೆಯೇ ಇಲ್ಲವೆಂದು ಕಾಣುತ್ತದೆ. ದಾಸ್ತಾನಿಲ್ಲದ ದಿನಗಳನ್ನು ಸಂಘದವರು ಪ್ರತ್ಯೇಕವಾಗಿ ದಾಖಲಿಸಬೇಕು.

4. ಬದಲಿಯನ್ನು ಮೊದಲೇ ಯೋಚಿಸಿರಿ. ಒಂದು ಚೀಲ ಯೂರಿಯಾದ ಸಾರಜನಕವನ್ನು ಸುಮಾರು 100 ಕೆ.ಜಿ. ಅಮೋನಿಯಂ ಸಲ್ಫೇಟ್ ಒದಗಿಸುತ್ತದೆ, ಗಂಧಕವೂ ದೊರೆಯುತ್ತದೆ. ಬೆಲೆಯನ್ನು ಹೋಲಿಸಿ ನಿರ್ಧರಿಸಿರಿ. ಡಯಾಂಚ, ಸೆಣಬಿನಂತಹ ಹಸಿರೆಲೆ ಗೊಬ್ಬರಕ್ಕೂ ವಾರಗಳ ಮುಂದಾಲೋಚನೆ ಬೇಕು.

ಯೋಜಕರಿಗೂ ಒಂದು ವಿನಂತಿ. ಬೇಲಿಯ ಅವಧಿಯನ್ನು ಕಚೇರಿಯ ಅನುಕೂಲವೊಂದನ್ನೇ ನೋಡಿ ನಿಗದಿಪಡಿಸದೆ, ಬೆಳೆಯ ಹಂತಗಳನ್ನೂ ಮುಂಗಾರಿನ ಮುನ್ಸೂಚನೆಯನ್ನೂ ಪರಿಗಣಿಸಿ ಪ್ರತಿ ಹಂಗಾಮಿಗೂ ಪರಿಷ್ಕರಿಸಬೇಕು. ಮಣ್ಣು ಪರೀಕ್ಷೆ ಆಧಾರಿತ ಗೊಬ್ಬರದ ಪ್ರಮಾಣಕ್ಕಾಗಿ ರೈತ ಬಾಂಧವರು ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಬಿತ್ತನೆಗೆ ಮುನ್ನವೇ ಸಂಪರ್ಕಿಸಬೇಕೆಂದು ಕೋರುತ್ತೇನೆ.