ಹಣವಿಲ್ಲವೆಂಬ ಹಳೆಯ ಹಾಡು

ಊರಿನ ಹೊಲಸನ್ನು ಕೆರೆಗೆ ಬಿಡಬೇಡಿರೆಂದರೆ ಪುರಸಭೆಗಳ ಮಹನೀಯರದು ಒಂದೇ ಉತ್ತರ: “ಹಣವಿಲ್ಲ.” ಕಂದಾಯ ವಸೂಲಿಗೆ ಬಂದಾಗ ಬಡ ಅಂಗಡಿಯವನು ಇದೇ ಮಾತು ಹೇಳಿದರೆ ಅವರು ಒಪ್ಪುತ್ತಾರೆಯೇ? ಅವನಿಗೆ ದಂಡ, ಇವರಿಗೆ ವಿನಾಯಿತಿ. ಇದೆಂಥ ನ್ಯಾಯ?

ಈ ನೆಪದ ಬಂಡವಾಳ ದೇವನಹಳ್ಳಿಯಲ್ಲಿ ಬಯಲಾಗಿದೆ. 2011ರ ಜನಗಣತಿಯಂತೆ ಅದು ಸುಮಾರು 28 ಸಾವಿರ ಜನರ ಊರು. 2008ರಲ್ಲಿ ಅದರ ಮಗ್ಗುಲಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಉಳ್ಳವರಿಗೆ ಆಕಾಶದಲ್ಲಿ ದಾರಿಯಾಯಿತು. ಊರಿನ ಕಕ್ಕಸುಗಳಿಗೆ ಒಳಚರಂಡಿಯೇ ಇರಲಿಲ್ಲ. ಮನೆಮನೆಗೂ ಗುಂಡಿ. ತುಂಬಿದ ಗುಂಡಿಯನ್ನು ಹೀರಿದ ಲಾರಿ ಕಂಡಲ್ಲಿ ಸುರಿಯುತ್ತಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಮಳೆಯ ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿ ಬದುಕುವ ಸೀಮೆ ಅದು. ಅಲ್ಲಿ ಹೊಲಸು ಸುರಿಯುವುದೆಂದರೆ ಕುಡಿಯುವ ನೀರಿಗೇ ಕೈಯಿಕ್ಕಿದಂತೆ.

ಅದೇ ಊರಿನಲ್ಲಿ 2015ರಲ್ಲಿ ದಿನಕ್ಕೆ 6 ಸಾವಿರ ಲೀಟರ್ ಮಲದ ಹೂಳನ್ನು ಶುದ್ಧಿಮಾಡುವ ಘಟಕವನ್ನು ಕಟ್ಟಲಾಯಿತು. ಅದರ ಕ್ರಮ ಸರಳ. ಹೂಳು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯುತ್ತದೆ. ಒಣಗುವ ಹಾಸಿನ ಮೇಲೆ ನೀರು ಬಸಿಯುತ್ತದೆ. ಆ ನೀರು ಜಲ್ಲಿ ಮತ್ತು ಗಿಡಗಳ ಬೇರಿನ ನಡುವೆ ಸೋಸಿಹೋಗುತ್ತದೆ. ಒಣಗಿದ ಹೂಳು ಹಸಿಕಸದೊಡನೆ ಸೇರಿ ರೈತನಿಗೆ ಗೊಬ್ಬರವಾಗುತ್ತದೆ.

ಇಷ್ಟಕ್ಕೇ ಎಲ್ಲವೂ ಆಯಿತೆಂದು ನಾವು ಹೇಳುವುದಿಲ್ಲ. 6 ಸಾವಿರ ಲೀಟರ್ ಎಂದರೆ ಒಂದೆರಡು ಲಾರಿಯಷ್ಟೇ. ಬಚ್ಚಲು, ಅಡುಗೆಮನೆಗಳ ನೀರಿಗೆ ಈ ಘಟಕದಲ್ಲಿ ಜಾಗವಿಲ್ಲ. ಆದರೆ ಸಣ್ಣ ಊರಿಗೆ ಇದು ಅಸಾಧ್ಯವೆಂಬ ಮಾತು ಸುಳ್ಳೆಂದು ಸಿದ್ಧವಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೇಶದ ನಗರಗಳ ಕೊಳಚೆ ದಿನಕ್ಕೆ 7,236 ಕೋಟಿ ಲೀಟರ್. ಶುದ್ಧಿಯಾಗುತ್ತಿದ್ದುದು 2,023 ಕೋಟಿ ಲೀಟರ್ ಮಾತ್ರ. ಉಳಿದುದು ಯಾರ ಹೊಟ್ಟೆಗೆ? ನೀರನ್ನು ದುಡ್ಡು ಕೊಟ್ಟು ಕೊಳ್ಳಲಾರದವರ ಹೊಟ್ಟೆಗೆ!

ಕಾನೂನು ಏನೆನ್ನುತ್ತದೆ? ಮಧ್ಯಪ್ರದೇಶದ ರತಲಾಮ್ ಊರಿನ ನಿವಾಸಿಗಳು ಮೋರಿಯಿಲ್ಲದ ಬೀದಿಯ ದುರ್ನಾತವನ್ನೂ ಮದ್ಯಸಾರ ಕಾರ್ಖಾನೆಯ ಹೊಲಸನ್ನೂ ತಾಳಲಾರದೆ ಮ್ಯಾಜಿಸ್ಟ್ರೇಟರಿಗೆ ದೂರಿತ್ತರು. ಅಲ್ಲಿಯ ಪುರಸಭೆ ಇದೇ ಹಾಡನ್ನು ಹಾಡುತ್ತ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಣದ ಕೊರತೆ ಈ ಕರ್ತವ್ಯದಿಂದ ತಪ್ಪಿಸಿಕೊಳ್ಳುವ ದಾರಿಯಲ್ಲವೆಂದು 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪಿತ್ತರು. ಅಂಥ ದೂರಿನ ಹಕ್ಕು ಇಂದಿನ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಉಳಿದಿದೆ.

ಇನ್ನೊಂದು ಮಾತು. ರಕ್ಷಣೆಯ ಸಲಕರಣೆಗಳಿಲ್ಲದೆ ಮಲದ ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನಂತೆ ಅಪರಾಧ. ಸತ್ತವನ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಸತ್ತ ಮೇಲೆ ಕೊಡುವ ಹಣವನ್ನು ಬದುಕಿದ್ದಾಗಲೇ ಯಂತ್ರಕ್ಕೂ ಘಟಕಕ್ಕೂ ಹಾಕಬಾರದೇ?

ಗಿರಣಿ ಕಾರ್ಮಿಕರೇ, ಸಣ್ಣ ವ್ಯಾಪಾರಿಗಳೇ! ಪ್ರತಿ ವಾರ್ಡಿನಿಂದಲೂ ಪುರಸಭೆಗೆ ಸಹಿ ಹಾಕಿದ ಅರ್ಜಿ ಹೋಗಲಿ. ಹೀರಿದ ಮಲ ಎಲ್ಲಿಗೆ ಹೋಗುತ್ತದೆ? ಘಟಕ ಎಂದು ಬರುತ್ತದೆ? ಗುಂಡಿಗೆ ಯಾರೂ ಇಳಿಯರೆಂದು ಬರೆದುಕೊಡುವಿರಾ? ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. “ಹಣವಿಲ್ಲ” ಎಂದರೆ ರತಲಾಮಿನ ತೀರ್ಪನ್ನು ಅವರ ಮೇಜಿನ ಮೇಲಿಡಿ.