ದಿನಸಿ ಚೀಟಿಯ ತಕ್ಕಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವನು ಏಳನೇ ತರಗತಿಯ ಹುಡುಗ. ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು ಪೆನ್ಸಿಲ್‌ನಲ್ಲಿ ಬರೆದಿದ್ದಾನೆ. ಅವನ ಹೆಸರು, ಊರು ಇಲ್ಲಿ ಹಾಕುವುದಿಲ್ಲ. ಅವನ ಮಾತನ್ನು ಮಾತ್ರ ಹಾಕುತ್ತೇನೆ:

“ಅಜ್ಜಿ, ಯಾವ ನಾಟಕ ಮಾಡಿದ್ರೂ ನಂಗೆ ರಾಕ್ಷಸನ ಪಾರ್ಟೇ ಕೊಡ್ತಾರೆ. ಹೋದ ವರ್ಷ ಕುಂಭಕರ್ಣ. ಈ ಸಲ ಬಕಾಸುರ. ನಾನು ಭೀಮ ಆಗ್ತೀನಿ ಅಂದಿದ್ದಕ್ಕೆ ಎಲ್ಲರೂ ನಕ್ಕರು. ಸ್ಕೂಲ್ ಡೇಗೆ ಇನ್ನು ಹದಿನೈದು ದಿನ ಇದೆ. ಅಷ್ಟರಲ್ಲಿ ಐದು ಕೆ.ಜಿ. ಇಳಿಸೋದು ಹೇಗೆ? ಮಧ್ಯಾಹ್ನದ ಡಬ್ಬಿ ಫ್ರೆಂಡ್ಸ್‌ಗೆ ಕೊಟ್ಬಿಡ್ತಾ ಇದ್ದೀನಿ. ಅಮ್ಮನಿಗೆ ಗೊತ್ತಿಲ್ಲ.”

ಕಂದಾ, ಮೊದಲು ಡಬ್ಬಿಯ ವಿಷಯ. ನಾಳೆಯಿಂದ ಅದನ್ನು ನೀನೇ ಊಟ ಮಾಡು. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ, ಕಾರಣ ಹೇಳುತ್ತೇನೆ. ನೀನು ಈಗ ಬೆಳೆಯುವ ಕಾಲದಲ್ಲಿದ್ದೀಯ. ಮೂಳೆ ಉದ್ದವಾಗಬೇಕು, ಮಾಂಸಖಂಡ ಗಟ್ಟಿಯಾಗಬೇಕು, ತಲೆ ಓಡಬೇಕು. ಆ ಕೆಲಸಕ್ಕೆ ಸಾಮಾನು ಬೇಕಲ್ಲ? ಮಧ್ಯಾಹ್ನ ಖಾಲಿ ಹೊಟ್ಟೆಯಲ್ಲಿದ್ದವನು ಸಂಜೆ ಮನೆಗೆ ಬಂದು ಕೈಗೆ ಸಿಕ್ಕ ಬಿಸ್ಕತ್ತು, ಮಿಕ್ಸ್ಚರ್ ಎಲ್ಲ ಮುಗಿಸುತ್ತಾನೆ. ನೀನೂ ಹಾಗೇ ಮಾಡುತ್ತಿದ್ದೀಯ ಅಂತ ನನ್ನ ಊಹೆ. ನಿಜವೋ ಸುಳ್ಳೋ ಮುಂದಿನ ಪತ್ರದಲ್ಲಿ ಹೇಳು.

ಇನ್ನೊಂದು ಮಾತು. ದೊಡ್ಡವರ ತೂಕದ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ನಿನ್ನ ವಯಸ್ಸಿಗೆ, ನಿನ್ನ ಎತ್ತರಕ್ಕೆ ಇಷ್ಟು ತೂಕ ಇರಬಹುದು ಎಂದು ನೋಡುವ ಬೆಳವಣಿಗೆಯ ನಕ್ಷೆ ಮಕ್ಕಳ ಡಾಕ್ಟರ ಹತ್ತಿರ ಇರುತ್ತದೆ. ನಿನ್ನ ತೂಕ ಹೆಚ್ಚೋ ಅಲ್ಲವೋ ಹೇಳಬೇಕಾದವರು ಅವರು. ನಾಟಕದ ಪಾತ್ರ ಹಂಚಿದವರಲ್ಲ. ಸ್ವಲ್ಪ ಹೆಚ್ಚೇ ಇದ್ದರೂ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ಅದನ್ನು ಇಳಿಸಬೇಕಾಗಿಯೇ ಇಲ್ಲ. ಏರದ ಹಾಗೆ ನೋಡಿಕೊಂಡರೆ ಸಾಕು, ಎತ್ತರ ಬಂದು ಅದನ್ನು ಸರಿಮಾಡುತ್ತದೆ. ಈ ಅನುಕೂಲ ನಿನಗಿದೆ, ನನಗಿಲ್ಲ. ನಾನು ಇನ್ನು ಒಂದಂಗುಲವೂ ಬೆಳೆಯುವುದಿಲ್ಲ. ಗಿಡ್ಡ ಆಗುತ್ತಾ ಬರುತ್ತಿದ್ದೇನೆ, ಅಷ್ಟೇ.

ಹುಡುಗನಿಗೆ ಇಷ್ಟು ಹೇಳಿ, ಈಗ ನನ್ನ ವಯಸ್ಸಿನವರ ಕಡೆ ತಿರುಗುತ್ತೇನೆ. ಮಕ್ಕಳು ಪಕ್ಕದಲ್ಲಿ ಕೂತು ಕೇಳಬಹುದು.

ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರ ತಟ್ಟೆಗೂ ಕೇಳದೆ ತುಪ್ಪ ಸುರಿಯುತ್ತಿದ್ದವಳು ನಾನೇ. ಮೊಮ್ಮಗಳು ಸಾಕು ಅಂದರೆ “ಮಗು ಸೊರಗಿದೆ” ಎಂದು ಇನ್ನೊಂದು ಸೌಟು ಅನ್ನ. ನಾವು ಚಿಕ್ಕವರಾಗಿದ್ದಾಗ ಮನೆಯಲ್ಲಿ ಎಂಟು ಹತ್ತು ಮಕ್ಕಳು, ತುಪ್ಪ ಬೀಳುತ್ತಿದ್ದದ್ದು ಹಬ್ಬಕ್ಕೆ. ಆಗ ಸಿಗದಿದ್ದನ್ನೆಲ್ಲ ಈಗ ಮೊಮ್ಮಕ್ಕಳ ತಟ್ಟೆಗೆ ಹಾಕಿ ತೀರಿಸಿಕೊಳ್ಳುತ್ತೇವೆ. ಆದರೆ ನಾವು ಸ್ಕೂಲಿಗೆ ಎರಡು ಮೈಲಿ ನಡೆಯುತ್ತಿದ್ದೆವು. ಇವರು ಮನೆ ಬಾಗಿಲಲ್ಲಿ ವ್ಯಾನ್ ಹತ್ತುತ್ತಾರೆ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಮೊಮ್ಮಗಳಲ್ಲ, ನಮ್ಮ ಯಜಮಾನರ ಮೊಣಕಾಲು. ಹೋದ ವರ್ಷದ ಹೊತ್ತಿಗೆ ಅವರ ತೂಕ 82 ಕೆ.ಜಿ. ಬಸ್ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು “ಅಮ್ಮಾ” ಎನ್ನದೆ ಕಾಲು ಮೇಲೆ ಬರುತ್ತಿರಲಿಲ್ಲ. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮವರು ಹಟ ಹಿಡಿದರು. ರಾತ್ರಿ ಊಟ ಬಂದ್, ಬೆಳಗ್ಗೆ ಬರೀ ಮಜ್ಜಿಗೆ. ಎಂಟೇ ದಿನಕ್ಕೆ ಎರಡು ಕೆ.ಜಿ. ಇಳಿದು, ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಹತ್ತನೇ ದಿನ ಬೆಳಗ್ಗೆ ಬಚ್ಚಲಮನೆಯಲ್ಲಿ ತಲೆ ಸುತ್ತಿ ಗೋಡೆಗೆ ಒರಗಿ ಕುಸಿದರು. ಸದ್ಯ, ಮೂಳೆ ಮುರಿಯಲಿಲ್ಲ. ಅವರು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು. ಕೆಲವು ಬಗೆಯ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಕುಸಿದುಹೋಗುತ್ತದೆ. ಇದು ನಮಗಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಸುಮ್ಮನಿದ್ದೆ, ಆ ಎರಡು ಕೆ.ಜಿ. ನೋಡಿ ನನಗೂ ಖುಷಿಯಾಗಿತ್ತು. ಗೌರಿ ಹಬ್ಬದ ಕಡುಬು ಮುಗಿಯುವಷ್ಟರಲ್ಲಿ ಆ ಎರಡೂ ಕೆ.ಜಿ. ವಾಪಸ್ಸು ಬಂದಿದ್ದವು.

ಡಾಕ್ಟರು ಬೈದರು. ಬೈಯುತ್ತಲೇ ಎರಡು ವಿಷಯ ತಿಳಿಸಿದರು. ಒಂದು, ಹೀಗೆ ಗಡಿಬಿಡಿಯಲ್ಲಿ ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನದು ನೀರು. ಆಮೇಲೆ ಕೊಬ್ಬಿನ ಜತೆಗೆ ಮಾಂಸಖಂಡವೂ ಕರಗುತ್ತದೆ. ಅರವತ್ತು ದಾಟಿದವರು ಒಮ್ಮೆ ಕಳೆದುಕೊಂಡ ಮಾಂಸಖಂಡವನ್ನು ಮತ್ತೆ ಕಟ್ಟುವುದು ಕಷ್ಟ. ಅದಿಲ್ಲದಿದ್ದರೆ ಕಾಲು ನಿಲ್ಲುವುದಿಲ್ಲ, ಬೀಳುತ್ತೇವೆ.

ಇನ್ನೊಂದು ಮೊಣಕಾಲಿನ ಲೆಕ್ಕ. ಮೊಣಕಾಲು ಸವೆದ, ತೂಕ ಹೆಚ್ಚಿದ್ದ ಹಿರಿಯರನ್ನು ನಡೆಸಿ ಅಮೆರಿಕದಲ್ಲಿ ಅಳತೆ ಮಾಡಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೈಯಿಂದ ಒಂದು ಕೆ.ಜಿ. ಇಳಿದರೆ ಮೊಣಕಾಲಿನ ಮೇಲೆ ಒಂದೊಂದು ಹೆಜ್ಜೆಗೂ ಬೀಳುವ ಭಾರ ಸುಮಾರು ನಾಲ್ಕು ಕೆ.ಜಿ. ಕಡಿಮೆಯಾಗುತ್ತದೆ. “ಇಪ್ಪತ್ತು ಕೆ.ಜಿ. ಇಳಿಸಿ ಅಂದವರು ಯಾರು ಸ್ವಾಮಿ? ವರ್ಷಕ್ಕೆ ನಾಲ್ಕು ಇಳಿಸಿ, ಮೊಣಕಾಲಿಗೆ ಹದಿನಾರು ಇಳಿದ ಹಾಗೆ” ಎಂದರು. ಹದಿನಾರು ಕೆ.ಜಿ. ಎಂದರೆ ತುಂಬಿದ ಒಂದು ಬಿಂದಿಗೆ ನೀರು. ಹೆಜ್ಜೆ ಹೆಜ್ಜೆಗೂ ಒಂದು ಬಿಂದಿಗೆ ಕೆಳಗಿಟ್ಟು ನಡೆದಂತೆ!

ದಾರಿ ತೋರಿಸಿದವಳು ಸೊಸೆ. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿ, ತಿಂಗಳ ದಿನಸಿ ಚೀಟಿ ಹಿಡಿದು ಬಂದಳು. ನಾವು ಮನೆಯಲ್ಲಿ ಐದು ಜನ. ತಿಂಗಳಿಗೆ ಐದು ಲೀಟರ್ ಎಣ್ಣೆ, ನಾಲ್ಕು ಕೆ.ಜಿ. ಸಕ್ಕರೆ ತರಿಸುತ್ತಿದ್ದೆವು. “ಅತ್ತೆ, ಯಾರೂ ಪಥ್ಯ ಮಾಡೋದು ಬೇಡ. ಎಣ್ಣೆ ಮೂರೂವರೆ ಲೀಟರಿಗೆ, ಸಕ್ಕರೆ ಎರಡೂವರೆ ಕೆ.ಜಿ.ಗೆ ಇಳಿಸೋಣ. ಮುಗಿದರೆ ಮುಗೀತು, ತಿಂಗಳ ನಡುವೆ ತರೋದಿಲ್ಲ” ಎಂದಳು.

ಮಕ್ಕಳೇ, ಈಗ ಪೆನ್ಸಿಲ್ ತೆಗೆದುಕೊಳ್ಳಿ. ಉಳಿದ ಒಂದೂವರೆ ಲೀಟರ್ ಎಣ್ಣೆಯನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿ. ಒಬ್ಬರಿಗೆ ದಿನಕ್ಕೆ 10 ಮಿ.ಲೀ. ಸಕ್ಕರೆಯನ್ನೂ ಹಾಗೇ ಹಂಚಿದರೆ 10 ಗ್ರಾಂ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲರಿ, ಒಂದು ಗ್ರಾಂ ಸಕ್ಕರೆಯಲ್ಲಿ 4. ಎಣ್ಣೆ ನೀರಿಗಿಂತ ಹಗುರ, 10 ಮಿ.ಲೀ. ಎಂದರೆ ಸುಮಾರು 9 ಗ್ರಾಂ. ಅಲ್ಲಿಗೆ ಎಣ್ಣೆಯಿಂದ 80, ಸಕ್ಕರೆಯಿಂದ 40, ಒಟ್ಟು 120 ಕ್ಯಾಲರಿ. ದೇಹದ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ ಎನ್ನುತ್ತಾರೆ. ವರ್ಷಕ್ಕೆ ಎಷ್ಟು ಇಳಿಯಬೇಕು? ಮೊಮ್ಮಗಳು ಭಾಗಿಸಿ “ಐದೂವರೆ ಕೆ.ಜಿ.ಗಿಂತ ಜಾಸ್ತಿ ಅಜ್ಜಿ!” ಎಂದು ಕೂಗಿದಳು. ಆದರೆ ದೇಹ ಗಣಿತದ ಪುಸ್ತಕ ಓದಿಲ್ಲ. ತೂಕ ಇಳಿದಂತೆ ಅದು ಖರ್ಚನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಹಾಗಾಗಿ ಲೆಕ್ಕದಷ್ಟು ಇಳಿಯುವುದಿಲ್ಲ, ಮೊದಮೊದಲು ಇಳಿದಷ್ಟು ಬೇಗ ಆಮೇಲೆ ಇಳಿಯುವುದೂ ಇಲ್ಲ.

ಅಡಿಗೆಮನೆಯಲ್ಲಿ ಬದಲಾದದ್ದು ಇಷ್ಟೇ. ಡಬ್ಬದಿಂದ ನೇರವಾಗಿ ಬಾಣಲೆಗೆ ಎಣ್ಣೆ ಬಗ್ಗಿಸುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದೆವು. ಒಗ್ಗರಣೆಗೆ ಎರಡು ಚಮಚ ಸಾಕು ಅಂತ ನಲವತ್ತು ವರ್ಷ ಅಡಿಗೆ ಮಾಡಿದ ಮೇಲೆ ನನಗೆ ಗೊತ್ತಾಯಿತು. ಕರಿದದ್ದು ಭಾನುವಾರ ಮಾತ್ರ. ಕಾಫಿಗೆ ಸಕ್ಕರೆಯನ್ನು ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚದಂತೆ ಇಳಿಸಿದೆ. ಒಂದೇ ದಿನ ನಿಲ್ಲಿಸಿದ್ದರೆ ಯಜಮಾನರು ಹೋಟೆಲಿಗೆ ಹೋಗಿ ಕುಡಿಯುತ್ತಿದ್ದರು. ಎರಡು ಚಮಚದಿಂದ ಅರ್ಧಕ್ಕೆ ಬಂದದ್ದು ಅವರಿಗೆ ತಿಳಿದದ್ದು, ನೆಂಟರ ಮನೆಯಲ್ಲಿ ಕಾಫಿ ಕುಡಿದು “ಇದೇನು, ಪಾಯಸದ ಹಾಗಿದೆ” ಎಂದಾಗ. ಅನ್ನ ಬಡಿಸುವ ದೊಡ್ಡ ಸೌಟು ಅಟ್ಟ ಸೇರಿತು. ಮದುವೆಯೂಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಂದು ಅನ್ನ ಆಮೇಲೆ ಬರುತ್ತದಲ್ಲ, ಮನೆಯಲ್ಲೂ ಹಾಗೇ ಮಾಡಿದೆವು. ಪಲ್ಯ ಒಂದು ಬಟ್ಟಲು ತಿಂದ ಮೇಲೇ ಅನ್ನ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕಂತೆ. ಊಟದ ಹೊತ್ತಿಗೆ ಟಿ.ವಿ. ಆರಿಸಿದ್ದೂ ಅದಕ್ಕೇ. ಮೊದಲ ವಾರ ಎಲ್ಲರೂ ಮುಖ ಊದಿಸಿಕೊಂಡು ಉಂಡರು. ಬೇಳೆ, ಕಾಳು, ಮೊಸರು ಮಾತ್ರ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಮಾಂಸಖಂಡ ಉಳಿಯುವುದು ಅದರಿಂದ.

ರಾಗಿ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅನ್ನ ಬಿಟ್ಟು ಮುದ್ದೆ ಹಿಡಿದರೆ ತಾನಾಗಿಯೇ ಸಣ್ಣಗಾಗುತ್ತೇವೆ ಎಂದು ಬಹಳ ಜನ ನಂಬಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು, ನಮ್ಮಂಥವರ ಮೂಳೆಗೆ ಒಳ್ಳೆಯದು. ಆದರೆ ನೂರು ಗ್ರಾಂ ಅಕ್ಕಿಗೂ ನೂರು ಗ್ರಾಂ ರಾಗಿಗೂ ಕ್ಯಾಲರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ದೊಡ್ಡ ಮುದ್ದೆ ಎರಡು ನುಂಗಿ, ಮೇಲೆ ಅನ್ನ ಸಾರು ಹಾಕಿಸಿಕೊಂಡರೆ ರಾಗಿ ತಾನೇ ಏನು ಮಾಡೀತು?

ಎಲ್ಲವೂ ಕೈಗೂಡಲಿಲ್ಲ. ಸಕ್ಕರೆ ಬದಲು ಬೆಲ್ಲ ಹಾಕಿ ನೋಡಿದೆವು, ಲೆಕ್ಕದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಹಸಿರು ಚಹಾ ತಂದು ಒಂದು ವಾರ ಕುಡಿದೆವು, ಪೊಟ್ಟಣ ಇನ್ನೂ ಕಪಾಟಿನಲ್ಲಿದೆ. ಸಂಜೆಯ ಚಿಪ್ಸ್ ಪೊಟ್ಟಣ ಬಿಡಿಸಲು ಮೊಮ್ಮಗಳ ಜತೆ ಮೂರು ತಿಂಗಳು ಗುದ್ದಾಡಿದೆ. ಕೊನೆಗೆ ಗೆದ್ದದ್ದು ಪುರಿ. ಈರುಳ್ಳಿ, ಸೌತೆಕಾಯಿ, ಕ್ಯಾರೆಟ್ ತುರಿ, ನಿಂಬೆಹುಳಿ ಹಾಕಿ ಅವಳೇ ಚುರುಮುರಿ ಕಲೆಸುತ್ತಾಳೆ. ತಾನೇ ಕಲೆಸಿದ್ದು ಎಂಬ ಹೆಮ್ಮೆಗೆ ನಮಗೂ ತಿನ್ನಿಸುತ್ತಾಳೆ. ಕೋಲಾ ಬಿಟ್ಟದ್ದು ಒಂದೇ ದಿನಕ್ಕೆ. 250 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಅಷ್ಟನ್ನೂ ಲೋಟಕ್ಕೆ ಚಮಚ ಚಮಚವಾಗಿ ಹಾಕಿ ತೋರಿಸಿದೆ, ಸಾಕಾಯಿತು. ಹಬ್ಬ ಬಿಡಲಿಲ್ಲ. ಯುಗಾದಿಗೆ ಹೋಳಿಗೆ ಇಲ್ಲದ ಮನೆಯಲ್ಲಿ ತೂಕ ಇಳಿದು ಏನಾಗಬೇಕು!

ನಡಿಗೆಯ ವಿಷಯದಲ್ಲಿ ಯಜಮಾನರನ್ನು ಹೆದರಿಸಿದ್ದು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು. ಅದು ಡಾಕ್ಟರುಗಳು ಕಂಡುಹಿಡಿದ ಸಂಖ್ಯೆ ಅಲ್ಲ, ಗೊತ್ತೇ? 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಸಣ್ಣ ಯಂತ್ರ ಮಾರಾಟಕ್ಕೆ ತಂದಿತು. ಅದಕ್ಕಿಟ್ಟ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ನಿಯಮವಾಗಿ ಊರೆಲ್ಲ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ. ದಿನಕ್ಕೆ ಇಪ್ಪತ್ತೆರಡು ನಿಮಿಷವೂ ಆಗದು. ಶಾಲೆಯ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ, ಬೆವರು ಬರುವಂಥ ಆಟ.

ನಮ್ಮವರು ಹಾಲು ತರಲು ಸ್ಕೂಟರ್ ಬಿಟ್ಟು ನಡೆದರು. ಹೋಗಿ ಬರಲು ಹದಿನಾಲ್ಕು ನಿಮಿಷ. ಎರಡು ತಿಂಗಳಾದ ಮೇಲೆ ವಾಪಸ್ ಬರುವಾಗ ಒಂದು ಬೀದಿ ಸುತ್ತಿಕೊಂಡು ಬರಲು ಶುರು ಮಾಡಿದರು. ಊಟದ ಮುಂಚೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಮೊಮ್ಮಗಳು ಎಣಿಸುತ್ತಾಳೆ, ಎಂಟಕ್ಕೆ ನಿಲ್ಲಿಸಿದರೆ ಬಿಡುವುದಿಲ್ಲ.

ವರ್ಷ ತುಂಬಿದ ಮೇಲೆ 82 ಇದ್ದದ್ದು 78 ಆಯಿತು. ನನ್ನದು ಮೂರು ಕೆ.ಜಿ. ಇಳಿಯಿತು. ದರ್ಜಿಯ ಟೇಪು ಹಿಡಿದು ನೋಡಿದರೆ ಅವರ ಸೊಂಟ 102ರಿಂದ 97 ಸೆಂಟಿಮೀಟರಿಗೆ ಬಂದಿದೆ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ. ಇನ್ನೂ ದೂರ ಇದೆ, ಅವಸರ ಇಲ್ಲ. ಆದರೆ ಹಿರಿಯರೇ, ಏನೂ ಮಾಡದೆ, ಊಟ ಎಂದಿನಂತಿದ್ದೂ ತೂಕ ಇಳಿಯುತ್ತಿದ್ದರೆ ಅದನ್ನು ನೋಡಿ ಸಂತೋಷಪಡಬೇಡಿ, ಡಾಕ್ಟರಿಗೆ ತೋರಿಸಿ.

ಮೊನ್ನೆ ನಾವು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಸಾವಿರ ಮೆಟ್ಟಿಲನ್ನೂ ಹತ್ತಿದೆವು ಅಂತ ಬರೆಯಲು ಆಸೆ, ಆದರೆ ಸುಳ್ಳಾಗುತ್ತದೆ. ಡಾಕ್ಟರನ್ನು ಕೇಳಿಕೊಂಡೇ ಹೋಗಿದ್ದೆವು. ಹತ್ತಾರು ಕಡೆ ಕೂತು, ನೀರು ಕುಡಿದು, ನಂದಿಯವರೆಗೆ ಹೋದೆವು. ಅಲ್ಲಿಗೆ ರಸ್ತೆಯೂ ಬರುತ್ತದೆ, ಇಳಿಯುವುದು ಆಟೋದಲ್ಲಿ. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಯಜಮಾನರು ಆ ಕಲ್ಲಿನ ನಂದಿಯ ಮುಂದೆ ನಿಂತು ಮೊಮ್ಮಗಳಿಗೆ “ನೋಡು, ಇವನ ತೂಕ ಎಷ್ಟಿದ್ದೀತು? ಯಾರಾದರೂ ನಗ್ತಾರಾ?” ಎಂದರು.

ಆಗಲೇ ನನಗೆ ನಿನ್ನ ನೆನಪಾದದ್ದು, ಹುಡುಗಾ. ಬಕಾಸುರನಿಗೆಂದು ಕಳಿಸಿದ ಬಂಡಿ ಅನ್ನವನ್ನು ಅವನೆದುರೇ ಕೂತು ಉಂಡವನು ಯಾರು? ಭೀಮನೇ ಅಲ್ಲವೇ? ಉಂಡೇ ಗೆದ್ದವನು ಅವನು, ಉಪವಾಸ ಮಾಡಿ ಅಲ್ಲ. ಇದನ್ನು ನಿಮ್ಮ ನಾಟಕದ ಮೇಷ್ಟರಿಗೆ ಕೇಳಿ ನೋಡು. ಈ ಪುಟವನ್ನು ಅಮ್ಮನಿಗೆ ತೋರಿಸು, ಡಬ್ಬಿಯ ವಿಷಯ ನೀನೇ ಹೇಳು. ಇವತ್ತು ಗೋಡೆಗೆ ಒರಗಿ ನಿಂತು ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಸಿಕೊಂಡು ತಾರೀಖು ಹಾಕು. ಆರು ತಿಂಗಳಿಗೆ ಇನ್ನೊಂದು ಗೆರೆ. ಎರಡರ ನಡುವೆ ಎಷ್ಟು ಸೆಂಟಿಮೀಟರ್ ಅಂತ ನನಗೆ ಬರೆದು ಕಳಿಸು. ತೂಕ ಬರೆಯಬೇಡ.